ಕ್ಲಾಸಲ್ಲಿ ಶೋ ಹೊಡೆಯೋರ ಜೊತೆ ಹೇಗಿರೋದು: ಮುಂಬೈಯ ನಮ್ಮ ಮಕ್ಕಳಿಗೆ

ಜೂನ್ ತಿಂಗಳು ಬಂತು ಅಂದ್ರೆ ನನ್ನ ಟ್ಯೂಶನ್ನಿಗೆ ಬರೋ ಮಕ್ಕಳ ಮುಖ ನೋಡಿಯೇ ನನಗೆ ಗೊತ್ತಾಗ್ತದೆ, ಇವತ್ತು ಶಾಲೇಲಿ ಯಾರೋ ಏನೋ ಹೇಳಿದ್ದಾರೆ ಅಂತ. ಇಲ್ಲಿ ಶಾಲೆ ಶುರುವಾಗೋದು ಜೂನ್ ಮಧ್ಯದಲ್ಲಿ, ಹೊಸ ಬ್ಯಾಗು ಹೊಸ ಶೂ ಹೊಸ ರೇನ್‌ಕೋಟು, ಮೊದಲನೇ ದಿನವೇ ಎಲ್ಲರೂ ಕೇಳೋ ಪ್ರಶ್ನೆ "ವೆಕೇಶನ್ ಮೇ ಕಹಾಂ ಗಯಾ ಥಾ?", ಒಬ್ಬ ದುಬೈ ಅಂತಾನೆ, ಇನ್ನೊಬ್ಬಳು ಬ್ಯಾಂಕಾಕ್ ಅಂತಾಳೆ, ನಮ್ಮ ಮಗು "ಗಾವ್" ಅಂತ ಮೆಲ್ಲ ಹೇಳಿ ತಲೆ ತಗ್ಗಿಸ್ತದೆ. ಡೊಂಬಿವ್ಲಿಯಲ್ಲಿ ಹದಿನಾಲ್ಕು ವರ್ಷದಿಂದ ಐದನೇ ಕ್ಲಾಸಿಂದ ಹತ್ತನೇ ಕ್ಲಾಸಿನ ತನಕ ಹೇಳಿಕೊಡ್ತಾ ಇದ್ದೇನೆ, ಪುಸ್ತಕ ಮುಚ್ಚಿಟ್ಟು ಈ ಒಂದು ವಿಷಯಕ್ಕೆ ಎಷ್ಟು ಸಂಜೆ ಕೂತು ಮಾತಾಡಿದ್ದೇನೋ ಲೆಕ್ಕ ಇಲ್ಲ. ಅದಕ್ಕೇ ಒಂದು ಸಲ ಎಲ್ಲ ಸೇರಿಸಿ ಬರೆದುಬಿಡುವಾ ಅಂತ. ಮಕ್ಕಳಿಗೇ ಹೇಳ್ತಾ ಇದ್ದೇನೆ, ಕೊನೇಲಿ ಅಪ್ಪ ಅಮ್ಮನಿಗೂ ಸ್ವಲ್ಪ ಉಂಟು.

ಮೊದಲು ಒಂದು ವಿಷಯ ಬೇರೆ ಬೇರೆ ಮಾಡ್ಕೋ. ಅವನು ತನ್ನದನ್ನ ತೋರಿಸ್ತಾ ಇದ್ದಾನಾ, ಇಲ್ಲ ನಿನ್ನದನ್ನ ತುಳೀತಾ ಇದ್ದಾನಾ? "ನನ್ನ ಶೂ ನೋಡು, ಪಪ್ಪ ಸಿಂಗಾಪುರದಿಂದ ತಂದ್ರು" ಅಂತ ಹೇಳೋದು ಒಂದು, "ನಿನ್ನ ಶೂ ಸ್ಟೇಶನ್ ಹೊರಗಿಂದ ತಂದಿದ್ದಾ?" ಅಂತ ನಾಲ್ಕು ಜನರ ಎದುರು ಕೇಳಿ ನಗೋದು ಇನ್ನೊಂದು. ಮೊದಲನೇದು ಜಂಬ, ಅದರ ಜೊತೆ ಬದುಕೋದು ಕಲೀಬಹುದು, ಅದಕ್ಕೆ ಟೀಚರ್ ಹತ್ರ ಹೋಗೋ ಅಗತ್ಯ ಇಲ್ಲ. ಎರಡನೇದು ಅವಮಾನ, ಅದನ್ನ ಸಹಿಸ್ಕೊಳ್ಳಬಾರದು. ಮಕ್ಕಳು ಮಾಡೋ ತಪ್ಪು ಇಲ್ಲೇ, ಜಂಬಕ್ಕೆ ಜಗಳ ತೆಗೀತಾರೆ, ಅವಮಾನ ಆದಾಗ ಬಾಯಿ ಮುಚ್ಚಿ ಮನೆಗೆ ಬಂದು ಡಬ್ಬಾ ತೊಳೆಯೋಕೆ ಹಾಕಿ ಮಲಗಿಬಿಡ್ತಾರೆ.

ಇನ್ನು ಜಂಬಕ್ಕೇ ಇಷ್ಟು ಹೊಟ್ಟೆ ಯಾಕೆ ಉರೀತದೆ ಅಂತ ಯೋಚನೆ ಮಾಡಿದ್ದೀಯಾ. ಆಲ್ಟಾಮೌಂಟ್ ರೋಡಲ್ಲಿ ಆಂಟಿಲಿಯಾ ಉಂಟಲ್ಲ, 27 ಅಂತಸ್ತಿನ ಮನೆ, ಒಂದೇ ಕುಟುಂಬಕ್ಕೆ, ಅದನ್ನ ನೋಡಿ ನಿನಗೆ ರಾತ್ರಿ ನಿದ್ದೆ ಬರದೆ ಹೋಗಿದೆಯಾ? ಇಲ್ಲ. ಆದ್ರೆ ಪಕ್ಕದ ಬೆಂಚಿನ ಹುಡುಗ ಹೊಸ ವಾಚ್ ಕಟ್ಕೊಂಡು ಬಂದ್ರೆ ಮೂರು ದಿನ ಅದೇ ಕಣ್ಣ ಮುಂದೆ ಬರ್ತದೆ. ಲಿಯೋನ್ ಫೆಸ್ಟಿಂಗರ್ ಅಂತ ಅಮೆರಿಕದ ಮನಃಶಾಸ್ತ್ರಜ್ಞರೊಬ್ರು 1954ರಲ್ಲೇ ಇದರ ಬಗ್ಗೆ ಬರೆದಿದ್ದಾರೆ, ಮನುಷ್ಯ ತನ್ನನ್ನ ಅಳೆದುಕೊಳ್ಳೋದು ಹೆಚ್ಚಾಗಿ ತನ್ನ ಹಾಗೇ ಇರೋರನ್ನ ಪಕ್ಕದಲ್ಲಿಟ್ಟು ಅಂತ. ಒಂದೇ ಕ್ಲಾಸು, ಒಂದೇ ಯೂನಿಫಾರ್ಮು, ಒಂದೇ ವಯಸ್ಸು, ಹಾಗಿದ್ದೂ ಅವನ ಹತ್ರ ಉಂಟು ನನ್ನ ಹತ್ರ ಇಲ್ಲ ಅನ್ನೋದು ಚುಚ್ಚೋದು. ಹಾಗಾಗಿ ನಿನಗೆ ಹೊಟ್ಟೆ ಉರಿದ್ರೆ ನೀನು ಕೆಟ್ಟ ಮಗು ಅಂತ ಅಲ್ಲ, ಎಲ್ಲರಿಗೂ ಆಗ್ತದೆ, ಅದು ಬಂತು ಅಂತ ಗೊತ್ತು ಮಾಡ್ಕೊಂಡ್ರೆ ಸಾಕು, ಅರ್ಧ ಇಳೀತದೆ.

ಮತ್ತೆ ಅವರು ಯಾಕೆ ಹಾಗೆ ಮಾಡ್ತಾರೆ ಅಂತ ಕೇಳ್ತೀಯಾದ್ರೆ ಮೇ ತಿಂಗಳಲ್ಲಿ ಊರಿಗೆ ಹೋದಾಗ ನೀನು ಏನು ಮಾಡ್ತೀಯ ಅಂತ ನೆನಪು ಮಾಡ್ಕೋ. ಕುಂದಾಪುರದಲ್ಲೋ ಕಾರ್ಕಳದಲ್ಲೋ ನಿನ್ನ ಚಿಕ್ಕಪ್ಪನ ಮಕ್ಕಳು ಸುತ್ತ ಕೂತಿರ್ತಾರೆ, ನೀನು "ನಮ್ಮ ಮುಂಬೈಲಿ ಮಾಲ್ ಎಷ್ಟು ದೊಡ್ಡದುಂಟು ಗೊತ್ತುಂಟಾ, ಲೋಕಲ್ ಟ್ರೈನು, ಮೆಟ್ರೋ, ನಾನು ಅಲ್ಲಿ ಶಾರುಖ್ ಖಾನ್ ಮನೆ ನೋಡಿದ್ದೇನೆ" ಅಂತ ಶುರು ಮಾಡ್ತೀಯ ಅಲ್ವಾ. ಡೊಂಬಿವ್ಲಿಯ ಒಂದು ರೂಮ್ ಕಿಚನ್ನಿನಲ್ಲಿ ನಾಲ್ಕು ಜನ ಮಲಗೋದು, ನೀರು ಬರೋದು ಬೆಳಿಗ್ಗೆ ಅರ್ಧ ಗಂಟೆ, ಅದನ್ನ ಹೇಳೋದಿಲ್ಲ. ಯಾಕಂದ್ರೆ ಅವರಿಗೆ ಈಜೋಕೆ ಬರ್ತದೆ, ಮರ ಹತ್ತೋಕೆ ಬರ್ತದೆ, ನಿನಗೆ ಬರೋದಿಲ್ಲ, ಆ ಜಾಗದಲ್ಲಿ ನಿನಗೂ ಒಂದು ಮರ್ಯಾದೆ ಬೇಕು ಅನ್ನಿಸ್ತದೆ, ಅದಕ್ಕೆ ಕೈಗೆ ಸಿಕ್ಕಿದ್ದನ್ನ ಎತ್ತಿ ತೋರಿಸ್ತೀಯ. ಕ್ಲಾಸಲ್ಲಿ ಶೋ ಹೊಡೆಯೋ ಹುಡುಗನ ಒಳಗೂ ಹೆಚ್ಚು ಕಮ್ಮಿ ಇದೇ ನಡೀತಾ ಇರ್ತದೆ. ಎಲ್ಲರೂ ಹೀಗೇ ಅಂತ ನಾನು ಹೇಳೋದಿಲ್ಲ, ಕೆಲವರಿಗೆ ಮನೇಲೇ ಹಾಗೆ ಕಲಿಸಿರ್ತಾರೆ, ಬೇರೆಯವರು ಕೀಳು ಅಂತಲೇ ನಂಬಿರ್ತಾರೆ, ಅವರ ಹತ್ರ ದೂರ ಇರೋದೇ ಸರಿ. ಆದ್ರೆ ನಾನು ನೋಡಿದ ಹಾಗೆ ತುಂಬ ಮಕ್ಕಳು ಮೊದಲನೇ ಥರದವರು.

ಸರಿ, ಈಗ ಎದುರಿಗೆ ಬಂದು ಶುರು ಮಾಡಿದ್ರೆ ಏನು ಮಾಡೋದು. ಮುಂಬೈ ಭಾಷೇಲಿ ಹೇಳ್ತಾರಲ್ಲ, ಭಾವ್ ಖಾತಾ ಹೈ ಅಂತ, ಅಂದ್ರೆ ಜಂಬ ತೋರಿಸ್ತಾನೆ ಅಂತ, ಆ ಭಾವ್ ತಿನ್ನೋನಿಗೆ ಬಡಿಸೋರು ಬೇಕು, ನೀನು ಬಡಿಸಬೇಡ, ಆದ್ರೆ ಮುಖ ತಿರುಗಿಸಿ ಹೋಗೋದೂ ಬಡಿಸೋದೇ, ಯಾಕಂದ್ರೆ ನಿನಗೆ ಉರೀತು ಅಂತ ಅವನಿಗೆ ಗೊತ್ತಾಯ್ತು. "ಹಾಂ, ಮಸ್ತ್ ಹೈ" ಅಂತ ಒಂದು ಸಲ ಹೇಳು, ಮನಸ್ಸಿಟ್ಟೇ ಹೇಳು, ಚೆನ್ನಾಗಿದ್ರೆ ಚೆನ್ನಾಗಿದೆ ಅನ್ನೋಕೆ ನಮಗೇನು ಖರ್ಚು. ಆಮೇಲೆ ನೀನು ಮಾಡ್ತಾ ಇದ್ದ ಕೆಲಸಕ್ಕೆ ವಾಪಸ್ ಹೋಗು. ಬೆಲೆ ಮಾತ್ರ ಕೇಳಬೇಡ. "ಕಿತ್ನೇ ಕಾ ಲಿಯಾ?" ಅಂತ ಕೇಳಿದ ಕೂಡಲೇ ಅವನಿಗೆ ಸ್ಟೇಜು ಸಿಕ್ತು, ಅಂಗಡಿ ಹೆಸರು, ಡಿಸ್ಕೌಂಟು, ಪಪ್ಪನ ಕ್ರೆಡಿಟ್ ಕಾರ್ಡು, ಎಲ್ಲ ಹೊರಗೆ ಬರ್ತದೆ, ರಿಸೆಸ್ ಮುಗೀತದೆ.

ಬೆಲೆ ಬಿಟ್ಟು ಅವನ ಬಗ್ಗೆ ಏನಾದ್ರೂ ಕೇಳು. ನನ್ನ ಹತ್ರ ಬರೋ ಆರನೇ ಕ್ಲಾಸಿನ ಹುಡುಗನೊಬ್ಬ ಉಂಟು, ಅವನ ಕ್ಲಾಸಲ್ಲಿ ಒಬ್ಬ ದಿನಾ ದುಬೈ ದುಬೈ ಅಂತ ತಲೆ ತಿಂತಾ ಇದ್ದ, ಎಲ್ಲರೂ ಬೇಜಾರಾಗಿ ಅವನನ್ನ ಕಂಡ್ರೆ ದೂರ ಹೋಗ್ತಾ ಇದ್ರು. ನಮ್ಮ ಹುಡುಗ ಒಂದಿನ ಕೇಳಿದನಂತೆ, ಪ್ಲೇನ್ ಮೇಲೆ ಏಳುವಾಗ ನಿನಗೆ ಹೆದರಿಕೆ ಆಗ್ಲಿಲ್ವಾ ಅಂತ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಯ್ತು, ನಾನು ವಾಂತಿ ಮಾಡಿಬಿಟ್ಟೆ, ಅಮ್ಮನ ಕೈ ಹಿಡ್ಕೊಂಡೇ ಇದ್ದೆ ಅಂದನಂತೆ. ಅವತ್ತಿಂದ ಅವರಿಬ್ರು ಮಾತಾಡೋ ಧಾಟಿಯೇ ಬೇರೆ ಆಯ್ತು, ಕ್ಲಾಸಲ್ಲಿ ಅವನ ದುಬೈ ಕಥೆ ಪೂರ್ತಿ ನಿಂತಿಲ್ಲ, ಆದ್ರೆ ನಮ್ಮ ಹುಡುಗನ ಹತ್ರ ಮಾತ್ರ ಅವನು ಆ ಧಾಟಿಯಲ್ಲಿ ಮಾತಾಡೋದಿಲ್ಲ. ಎಲ್ಲ ಸಲ ಹೀಗೆ ಆಗ್ತದೆ ಅಂತ ಇಲ್ಲ, ಕೇಳಿ ನೋಡೋದಕ್ಕೆ ನಷ್ಟ ಇಲ್ಲ.

ಇನ್ನು ಯಾವತ್ತೂ ಮಾಡಬಾರದ ಕೆಲಸ ಒಂದುಂಟು, ಅವನಿಗೆ ಸಮ ಆಗೋಕೆ ಅಂತ ಸುಳ್ಳು ಹೇಳೋದು. ಇದನ್ನ ನಾನು ಕಣ್ಣಾರೆ ಅನುಭವಿಸಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಹೇಳ್ತೇನೆ. 1996, ನಾನು ಎಂಟನೇ ಕ್ಲಾಸು, ನಾವಿದ್ದದ್ದು ಘಾಟ್ಕೋಪರಿನ ಒಂದು ಚಾಳಿನಲ್ಲಿ, ಅಪ್ಪ ಹೋಟೆಲಲ್ಲಿ ಕೆಲಸ, ಮನೇಲಿ ಟಿವಿ ಇರಲಿಲ್ಲ, ಪಕ್ಕದ ಮನೆ ಬಾಗಿಲಲ್ಲಿ ಗ್ಯಾಲರಿಯಲ್ಲಿ ಕೂತು ನೋಡೋದು. ಕ್ಲಾಸಲ್ಲಿ ಒಬ್ಬಳು ತನ್ನ ಮನೆಯ ದೊಡ್ಡ ಕಲರ್ ಟಿವಿ ಬಗ್ಗೆ ದಿನಾ ಹೇಳ್ತಾ ಇದ್ಲು, ಒಂದಿನ ನನಗೆ ಏನನ್ನಿಸ್ತೋ, ನಮ್ಮನೇಲೂ ಉಂಟು, ಇನ್ನೂ ದೊಡ್ಡದು ಅಂದುಬಿಟ್ಟೆ. ಮಾರ್ಚ್ 9ಕ್ಕೆ ವರ್ಲ್ಡ್ ಕಪ್ಪಿನ ಕ್ವಾರ್ಟರ್ ಫೈನಲ್ಲು, ಬೆಂಗಳೂರಲ್ಲಿ, ಇಂಡಿಯಾ ಪಾಕಿಸ್ತಾನ. ಇಬ್ರು ಫ್ರೆಂಡ್ಸು ನಿಮ್ಮನೆಗೇ ಬರ್ತೇವೆ ಅಂದ್ರು. ನಾನು, ಅವತ್ತು ನಾವು ನೆಂಟರ ಮನೆಗೆ ಹೋಗ್ತೇವೆ, ಮನೇಲಿ ಇರೋದಿಲ್ಲ ಅಂದೆ. ಅದರಲ್ಲಿ ಒಬ್ಬಳ ಮನೆ ನಮ್ಮ ಚಾಳಿನ ಎದುರಿನ ಗಲ್ಲಿಯಲ್ಲೇ, ಅವಳು ಕಂಡ್ರೆ ಕಷ್ಟ ಅಂತ ನಾನು ಪಕ್ಕದ ಮನೆ ಬಾಗಿಲಿಗೂ ಹೋಗಲಿಲ್ಲ, ರಾತ್ರಿ ತನಕ ನಮ್ಮ ಬಾಗಿಲು ಹಾಕ್ಕೊಂಡು ಒಳಗೆ ಕೂತಿದ್ದೆ. ಆಮೀರ್ ಸೊಹೇಲ್ ಫೋರ್ ಹೊಡೆದು ಬ್ಯಾಟ್ ತೋರಿಸಿದ್ದು, ಮುಂದಿನ ಬಾಲಿಗೇ ನಮ್ಮ ವೆಂಕಟೇಶ್ ಪ್ರಸಾದ್ ಬೌಲ್ಡ್ ಮಾಡಿದ್ದು, ಎಲ್ಲರೂ ಇವತ್ತಿಗೂ ಹೇಳೋ ಆ ಬಾಲು, ಇಡೀ ಚಾಳು ಕಿರುಚಿದ್ದು ನನಗೆ ಕೇಳ್ತು, ಏನಾಯ್ತು ಅಂತ ಗೊತ್ತಾಗ್ಲಿಲ್ಲ. ಅದಾದ ಮೇಲೂ ಒಂದು ವರ್ಷ ಯಾರನ್ನೂ ಮನೆಗೆ ಕರೆಯೋಕೆ ಆಗ್ಲಿಲ್ಲ, ಬರ್ತ್‌ಡೇಗೂ ಕರೀಲಿಲ್ಲ, ಅಮ್ಮ ಕೇಳಿದ್ರೆ ಏನೋ ನೆಪ. ಆ ಕಲರ್ ಟಿವಿ ಹುಡುಗಿ ನನಗೆ ಏನೂ ಮಾಡಿರಲಿಲ್ಲ, ನನ್ನ ಮನೆ ಬಾಗಿಲು ಹಾಕಿದ್ದು ನಾನೇ. ಹಾಗಾಗಿ ಮಗಾ, ಇಲ್ಲದ್ದನ್ನ ಉಂಟು ಅಂತ ಹೇಳಬೇಡ. ಈಗಾಗಲೇ ಹೇಳಿದ್ದೀಯಾದ್ರೆ ಹತ್ತಿರದ ಒಬ್ಬ ಫ್ರೆಂಡಿಗೆ ನಿಜ ಹೇಳು, ಒಬ್ಬರಿಗೆ ಹೇಳಿದ್ರೆ ಸಾಕು, ಎದೆ ಮೇಲಿನ ಕಲ್ಲು ಇಳೀತದೆ.

ಸುಳ್ಳು ಬೇಡ ಅಂದ್ರೆ ಮತ್ತೆ ಏನು ಹೇಳೋದು? ನಿನ್ನದನ್ನೇ ಪೂರ್ತಿ ಹೇಳು, ಅರ್ಧ ನುಂಗಬೇಡ. "ಗಾವ್ ಗಯಾ ಥಾ" ಅಂತ ಎರಡು ಮಾತಲ್ಲಿ ಮುಗಿಸಿದ್ರೆ ಕೇಳೋನಿಗೂ ಅದು ಕಮ್ಮಿ ಅಂತಲೇ ಅನ್ನಿಸ್ತದೆ. ಮತ್ಸ್ಯಗಂಧ ಟ್ರೈನು ಹತ್ತಿ ಹೋಗೋದನ್ನ ಹೇಳು, ಮಧ್ಯಾಹ್ನ ಕುರ್ಲಾ ಟರ್ಮಿನಸಲ್ಲಿ ಹತ್ತೋದು, ರತ್ನಾಗಿರಿ ಬರೋ ಮೊದಲು ಕರ್‌ಬುಡೆ ಸುರಂಗ ಆರೂವರೆ ಕಿಲೋಮೀಟರ್ ಕತ್ತಲೆ, ಆಮೇಲೆ ಪಾನ್‌ವಲ್ ಸೇತುವೆ, ಅದರ ಎತ್ತರ 64 ಮೀಟರು, ಹೊನ್ನಾವರದಲ್ಲಿ ಶರಾವತಿ ಮೇಲೆ ಎರಡು ಕಿಲೋಮೀಟರ್ ಸೇತುವೆ, ಬೆಳಗಾದ್ರೆ ಅಜ್ಜಿ ಮನೆ, ಹಲಸಿನ ಹಣ್ಣು, ಕೆರೆ, ಯಕ್ಷಗಾನ ನೋಡ್ತಾ ನೋಡ್ತಾ ಚಾಪೆ ಮೇಲೆ ನಿದ್ದೆ. ಏಳನೇ ಕ್ಲಾಸಿನ ಒಬ್ಬಳು ಹೋದ ವರ್ಷ ಹಿಂದಿ ನಿಬಂಧಕ್ಕೆ ಇದನ್ನೇ ಬರೆದ್ಲು, ಟೀಚರ್ ಅವಳನ್ನ ಎಬ್ಬಿಸಿ ನಿಲ್ಲಿಸಿ ಓದಿಸಿದ್ರಂತೆ, ಕ್ಲಾಸು ಆ ಸುರಂಗದ್ದನ್ನೇ ಕೇಳ್ತಾ ಕೂತಿತ್ತಂತೆ. ಇದು ಜಂಬ ಅಲ್ಲ, ಯಾಕಂದ್ರೆ ನೀನು ಯಾರಿಗಿಂತಲೂ ಮೇಲೆ ಅಂತ ಹೇಳ್ತಾ ಇಲ್ಲ, ನೀನು ಕಂಡದ್ದನ್ನ ಹೇಳ್ತಾ ಇದ್ದೀಯ.

ಅಪ್ಪನ ಕೆಲಸದ ವಿಷಯಾನೂ ಹಾಗೇ. ನಮ್ಮಲ್ಲಿ ತುಂಬ ಮಕ್ಕಳ ಅಪ್ಪಂದಿರು ಹೋಟೆಲ್, ಕ್ಯಾಂಟೀನ್, ಕೌಂಟರಲ್ಲಿ ಇರ್ತಾರೆ, "ಇಡ್ಲಿ ಅಣ್ಣಾ ಕಾ ಬೇಟಾ" ಅಂತ ಯಾರೋ ಹೇಳಿದ್ರೆ ಮಗು ಕುಗ್ಗಿಹೋಗ್ತದೆ. ನಿನ್ನ ಅಜ್ಜನ ಕಾಲದಲ್ಲಿ ಹುಡುಗರು ಹತ್ತು ಹನ್ನೆರಡು ವರ್ಷಕ್ಕೇ ಊರು ಬಿಟ್ಟು ಬಂದು ಹಗಲೆಲ್ಲ ಹೋಟೆಲಲ್ಲಿ ಟೇಬಲ್ ಒರೆಸಿ, ರಾತ್ರಿ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಕೂತು ಎಸ್ಸೆಸ್ಸಿ ಪಾಸ್ ಮಾಡ್ತಾ ಇದ್ರು, ಅದರಲ್ಲಿ ಎಷ್ಟೋ ಜನ ಆಮೇಲೆ ವಕೀಲರಾದ್ರು, ಬ್ಯಾಂಕಿಗೆ ಸೇರಿದ್ರು, ಸ್ವಂತ ಹೋಟೆಲ್ ಇಟ್ರು. ಮನೇಲಿ ಹಿರಿಯರಿದ್ರೆ ಒಂದು ಭಾನುವಾರ ಕೂತು ಕೇಳು, ಅಜ್ಜ ಮುಂಬೈಗೆ ಬಂದ ಮೊದಲನೇ ರಾತ್ರಿ ಎಲ್ಲಿ ಮಲಗಿದ್ರು ಅಂತ ಕೇಳು. ಅದು ಗೊತ್ತಿದ್ದ ಮಗು ಕ್ಲಾಸಲ್ಲಿ "ಹಾಂ, ಮೇರೇ ಪಪ್ಪಾ ಹೋಟೆಲ್ ಮೇ ಹೈ" ಅಂತ ತಲೆ ಎತ್ತಿ ಹೇಳ್ತದೆ, ಹಾಗೆ ಹೇಳಿದ ಮೇಲೆ ಚುಡಾಯಿಸೋನಿಗೆ ಮುಂದೆ ಹೇಳೋಕೆ ಏನೂ ಉಳಿಯೋದಿಲ್ಲ.

ಮಾರ್ಕ್ಸಿನ ಜಂಬ ಬೇರೆ ಥರ. ಪೇಪರ್ ಮುಗಿದ ಕೂಡಲೇ ಗೇಟಲ್ಲಿ ನಿಂತು ಉತ್ತರ ಟ್ಯಾಲಿ ಮಾಡೋನು ಒಬ್ಬ ಇರ್ತಾನೆ, "ಅರೇ ಇತ್ನಾ ಈಝಿ ಥಾ" ಅಂತ. ಅಲ್ಲಿ ನಿಲ್ಲಲೇಬೇಡ, ನಾಳೆ ಇನ್ನೊಂದು ಪೇಪರ್ ಉಂಟು ಅಂತ ಹೇಳಿ ಸ್ಟೇಶನ್ ಕಡೆ ನಡಿ. ಅವನಿಗೆ ಯೂನಿಟ್ ಟೆಸ್ಟಲ್ಲಿ 20ಕ್ಕೆ 19 ಬಂದ್ರೆ ನಿನ್ನ 13 ಕಮ್ಮಿ ಆಗೋದಿಲ್ಲ, ನಿನ್ನ 13ನ್ನ ನಿನ್ನ ಹಿಂದಿನ 11ರ ಪಕ್ಕ ಇಡು. ಹತ್ತನೇಯವರಿಗೆ ಇನ್ನೊಂದು ಮಾತು, ನಮ್ಮ ಎಸ್ಸೆಸ್ಸಿ ಬೋರ್ಡಲ್ಲಿ 2010ರಿಂದ ಬೆಸ್ಟ್ ಆಫ್ ಫೈವ್ ಉಂಟು, ಆರರಲ್ಲಿ ಒಳ್ಳೇ ಐದು ಸಬ್ಜೆಕ್ಟು ಹಿಡಿದು ಪರ್ಸೆಂಟೇಜು, ಹಾಗಾಗಿ ಒಂದು ಸಬ್ಜೆಕ್ಟಲ್ಲಿ ಯಾರೋ ಹೆದರಿಸಿದ್ರು ಅಂತ ಕೈಕಾಲು ಬಿಡಬೇಡ. ಮತ್ತೆ ಜಂಬದವನೇ ಆದ್ರೂ ಅವನಿಗೆ ಆಲ್ಜೀಬ್ರಾ ನಿಜವಾಗಿ ಬರ್ತದೆ ಅಂತಾದ್ರೆ ಹೋಗಿ ಕೇಳು, ಕಲಿಯೋದಕ್ಕೆ ನಾಚಿಕೆ ಬೇಡ. ಇಂಗ್ಲಿಷ್ ಟುಸ್ ಪುಸ್ ಮಾಡೋರ ಎದುರು ಮಾತೇ ಹೊರಡೋದಿಲ್ಲ ಅಂತ ಅಳೋ ಮಕ್ಕಳಿಗೆ ನಾನು ಬೆರಳು ಮಡಚಿಸ್ತೇನೆ, ಮನೇಲಿ ತುಳು, ಸಂಘದಲ್ಲಿ ಕನ್ನಡ, ಬಸ್ಸಲ್ಲಿ ಮರಾಠಿ, ಗ್ರೌಂಡಲ್ಲಿ ಹಿಂದಿ, ಬುಕ್ಕಲ್ಲಿ ಇಂಗ್ಲಿಷ್. ಐದನೇ ಭಾಷೆ ಸ್ವಲ್ಪ ತಡವರಿಸಿದ್ರೆ ಏನಾಯ್ತು, ದಿನಾ ಹತ್ತು ನಿಮಿಷ ಗಟ್ಟಿಯಾಗಿ ಓದು, ದೀಪಾವಳಿ ರಜೆ ಬರೋ ಹೊತ್ತಿಗೆ ನಾಲಿಗೆ ಹೊರಳ್ತದೆ.

ಫೋನಿನ ವಿಷಯ ಬೇಗ ಹೇಳಿ ಮುಗಿಸ್ತೇನೆ. ಶಾಲೇಲಿ ಆರು ಗಂಟೆ ಸಹಿಸಿದ್ದು ಸಾಕು, ಮನೇಲೂ ಅವರ ಸ್ಟೋರಿ ನೋಡ್ತಾ ಕೂತ್ಕೋಬೇಡ. ಇನ್ಸ್ಟಾಗ್ರಾಂ ಹದಿಮೂರು ವರ್ಷ ಆಗದೆ ಬೇಡವೇ ಬೇಡ. ಇರೋರು ಅನ್‌ಫಾಲೋ ಮಾಡಿ ಜಗಳ ಎಳ್ಕೊಳ್ಳೋದರ ಬದಲು ಮ್ಯೂಟ್ ಮಾಡಿ, ಅವರಿಗೆ ಗೊತ್ತಾಗೋದಿಲ್ಲ. ಕೆಟ್ಟದಾಗಿ ಕಮೆಂಟ್ ಹಾಕೋರಿದ್ರೆ ರಿಸ್ಟ್ರಿಕ್ಟ್ ಅಂತ ಉಂಟು, ಹಾಕಿದ ಕಮೆಂಟು ಅವರಿಗೆ ಮಾತ್ರ ಕಾಣ್ತದೆ. ಅವಮಾನ ಮಾಡಿ ಬರೆದದ್ದಿದ್ರೆ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡು, ಆಮೇಲೆ ಬ್ಲಾಕು.

ಈಗ ಶುರುವಲ್ಲಿ ಹೇಳಿದ ಎರಡನೇದು, ತುಳಿಯೋದು. ಮನೆ, ಅಪ್ಪನ ಕೆಲಸ, ಬಣ್ಣ, ಭಾಷೆ, ಡಬ್ಬಾದಲ್ಲಿರೋ ಮೀನಿನ ವಾಸನೆ, ಆರ್‌ಟಿಇ ಅಂದ್ರೆ ಶಿಕ್ಷಣ ಹಕ್ಕಿನ ಕಾನೂನಲ್ಲಿ ಬಂದ ಸೀಟು, ಇದನ್ನ ಹಿಡಿದು ನಾಲ್ಕು ಜನರ ಎದುರು ನಗಿಸ್ತಾ ಇದ್ದಾರೆ ಅಂದ್ರೆ ಸುಮ್ಮನಿರಬೇಡ. ಅವರ ಕಣ್ಣು ನೋಡಿ, ಸಣ್ಣ ದನಿಯಲ್ಲಿ, ಒಂದೇ ಸಲ: "ಮುಝೇ ಯೇ ಅಚ್ಛಾ ನಹೀ ಲಗಾ. ವಾಪಸ್ ಮತ್ ಬೋಲ್." ಅಷ್ಟೇ, ಬೈಗುಳ ಸೇರಿಸಬೇಡ, ಅವರ ಅಪ್ಪ ಅಮ್ಮನ ಸುದ್ದಿ ತೆಗೀಬೇಡ, ಹೇಳಿ ಅಲ್ಲಿಂದ ಹೋಗು. ಮೊದಲ ಸಲ ಗಂಟಲು ನಡುಗ್ತದೆ, ಅದಕ್ಕೇ ಮನೇಲಿ ಕನ್ನಡಿ ಎದುರು ಹತ್ತು ಸಲ ಹೇಳಿ ನೋಡು, ನನ್ನ ಟ್ಯೂಶನ್ನಲ್ಲಿ ನಾವು ಇದನ್ನ ಎದುರುಬದುರು ನಿಂತು ಪ್ರಾಕ್ಟೀಸ್ ಮಾಡ್ತೇವೆ. ಪಕ್ಕದಲ್ಲಿ ಒಬ್ಬ ಫ್ರೆಂಡ್ ನಿಂತಿದ್ರೆ ತುಂಬ ಬಲ. ಮತ್ತೆ ಇನ್ನೊಬ್ಬ ಹುಡುಗನಿಗೆ ಹೀಗೆ ಮಾಡ್ತಾ ಇದ್ದಾಗ ನೀನು ನಗಬೇಡ, ಅವನ ಪಕ್ಕ ಹೋಗಿ ನಿಂತ್ಕೋ, ಮಾತೇ ಬೇಕು ಅಂತಿಲ್ಲ.

ನಿಲ್ಲಲಿಲ್ಲ ಅಂದ್ರೆ ಬರೆದಿಡು. ತಾರೀಖು, ಹೇಳಿದ ಮಾತು ಹಾಗೇ, ಎಲ್ಲಿ, ಯಾರು ಯಾರಿದ್ರು. "ಅವನಿಗೆ ಕೊಬ್ಬು ಟೀಚರ್" ಅಂದ್ರೆ ಟೀಚರ್ "ನೀವಿಬ್ರೂ ಸರಿ ಮಾಡ್ಕೊಳ್ಳಿ" ಅಂತ ಕಳಿಸ್ತಾರೆ, ಸೋಮವಾರ, ಬುಧವಾರ, ಶುಕ್ರವಾರ ಹೀಗೆ ಹೀಗೆ ಅಂದ ಅಂತ ಚೀಟಿ ತೋರಿಸಿದ್ರೆ ಯಾರೂ ತಳ್ಳಿಹಾಕೋಕೆ ಆಗೋದಿಲ್ಲ. ಕ್ಲಾಸ್ ನಡೀವಾಗ ಎದ್ದು ಹೇಳಬೇಡ, ರಿಸೆಸಲ್ಲೋ ಬಿಟ್ಟ ಮೇಲೋ ಕ್ಲಾಸ್ ಟೀಚರನ್ನ ಒಬ್ಬರನ್ನೇ ನೋಡು. ಅಲ್ಲಿ ಆಗಲಿಲ್ಲ ಅಂದ್ರೆ ಸೂಪರ್‌ವೈಸರ್, ಆಮೇಲೆ ಪ್ರಿನ್ಸಿಪಾಲ್, ಆ ಹೊತ್ತಿಗೆ ಅಪ್ಪನೋ ಅಮ್ಮನೋ ಜೊತೆಗಿರಬೇಕು, ಮಾತು ಬರಹದಲ್ಲಿರಬೇಕು. ತುಂಬ ಶಾಲೆಗಳಲ್ಲಿ ತಕ್ರಾರ್ ಪೇಟಿ ಇರ್ತದೆ, ಅದಕ್ಕೂ ಹಾಕಬಹುದು. ಆರ್‌ಟಿಇ ಮಕ್ಕಳಿಗೆ ಗಟ್ಟಿಯಾಗಿ ಹೇಳ್ತೇನೆ, 2009ರ ಆ ಕಾನೂನಿನ 12ನೇ ಕಲಮಲ್ಲೇ ಖಾಸಗಿ ಶಾಲೆಗಳು 25 ಪರ್ಸೆಂಟ್ ಸೀಟು ಕೊಡಬೇಕು ಅಂತ ಬರೆದಿದೆ, ಆ ಬೆಂಚು ಯಾರೋ ದಯೆ ತೋರಿಸಿ ಕೊಟ್ಟದ್ದಲ್ಲ, ನಿನ್ನ ಹಕ್ಕು. ಹೊಡೆಯೋದು, ದುಡ್ಡು ಕಿತ್ಕೊಳ್ಳೋದು, ಹೆದರಿಸೋದು ಶುರುವಾಗಿದ್ರೆ, ಶಾಲೆಗೆ ಹೋಗೋದೇ ಬೇಡ ಅನ್ನಿಸ್ತಾ ಇದ್ರೆ, ಒಂದು ದಿನಾನೂ ಕಾಯಬೇಡ, ಮನೇಲಿ ಹೇಳು, ಮನೇಲಿ ಹೇಳೋಕೆ ಆಗದಿದ್ರೆ 1098ಕ್ಕೆ ಫೋನ್ ಮಾಡು, ಮಕ್ಕಳಿಗೆ ಅಂತಲೇ ಇರೋ ನಂಬರು, ದುಡ್ಡು ಬೀಳೋದಿಲ್ಲ, ರಾತ್ರಿ ಹಗಲು ಎತ್ತುತ್ತಾರೆ.

ಅಪ್ಪ ಅಮ್ಮಂದಿರೇ, ಮಗು ಬಂದು "ಅವನ ಹತ್ರ ಉಂಟು" ಅಂದ ಕೂಡಲೇ ಇಎಂಐಯಲ್ಲಿ ಅದನ್ನೇ ತರಬೇಡಿ, ಹಾಗಂತ "ಅವರ ಸಮ ನಾವಾ" ಅಂತ ಬಾಯಿ ಮುಚ್ಚಿಸಲೂ ಬೇಡಿ. ಎಂಟನೇ ಕ್ಲಾಸಿನ ಮಗುವಿಗೆ ಮನೆ ಖರ್ಚು ಅರ್ಥ ಆಗ್ತದೆ, ಬಾಡಿಗೆ ಎಷ್ಟು, ಲೋಕಲ್ ಪಾಸ್ ಎಷ್ಟು, ಊರಿಗೆ ಎಷ್ಟು ಕಳಿಸ್ತೇವೆ ಅಂತ ಒಂದು ಹಾಳೆ ಮೇಲೆ ಬರೆದು ತೋರಿಸಿ, ನಾನು ನನ್ನ ಮಗಳಿಗೆ ಹಾಗೆ ಮಾಡಿದ್ದೇನೆ, ಅವಳೇ ಶೂ ಮುಂದಿನ ವರ್ಷ ಸಾಕು ಅಂದ್ಲು. ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ, ಮದುವೆ ಹಾಲಲ್ಲಿ, ಸಂಘದ ಫಂಕ್ಷನಲ್ಲಿ ನಾವು ಯಾರ ಚಿನ್ನ ಎಷ್ಟು, ಯಾರ ಫ್ಲ್ಯಾಟ್ ಎಲ್ಲಿ, ಯಾರ ಮಗ ಅಮೆರಿಕ ಅಂತ ಮಾತಾಡುವಾಗ ಮಕ್ಕಳು ಪಕ್ಕದಲ್ಲೇ ಐಸ್‌ಕ್ರೀಮ್ ತಿಂತಾ ಕೇಳ್ತಾ ಇರ್ತವೆ. ಜಂಬದ ಹುಡುಗನ ಮನೆಗೆ ನೇರ ಫೋನ್ ಮಾಡಿ ಜಗಳ ಮಾಡೋದು ಬೇಡ, ಶಾಲೆ ಮೂಲಕವೇ ಹೋಗಿ, ಪಿಟಿಎಂ ದಿನ ಮಗುವನ್ನ ಹೊರಗೆ ಕೂರಿಸಿ ಮಾತಾಡಿ.

ಒಂದಿನ ಆ ಹುಡುಗನಿಗೂ ಮಾರ್ಕ್ಸ್ ಕಮ್ಮಿ ಬರ್ತದೆ, ಇಲ್ಲ ಅವನ ಗ್ಯಾಂಗು ಅವನನ್ನ ಬಿಟ್ಟು ಹೋಗ್ತದೆ, ಅವತ್ತು ಕ್ಲಾಸೆಲ್ಲ ನಗ್ತದೆ, ನೀನು ಸೇರಬೇಡ. ರಿಸೆಸಲ್ಲಿ ಅವನು ಒಬ್ಬನೇ ಕೂತಿದ್ರೆ, ನಿನಗೆ ಮನಸ್ಸು ಬಂದ್ರೆ ಮಾತ್ರ, ಡಬ್ಬಾ ತಗೊಂಡು ಹೋಗಿ ಪಕ್ಕ ಕೂತು ಒಂದು ನೀರ್ ದೋಸೆ ಕೊಡು. ಹಳೇದನ್ನ ಅವತ್ತು ಎತ್ತಬೇಡ, ಗ್ರೌಂಡಲ್ಲಿ ಯಾರ ಬ್ಯಾಟಿಂಗ್ ನಡೀತಾ ಉಂಟು ಅಂತ ಕೇಳಿದ್ರೂ ಸಾಕು.